ಕೊನೆಯ ಸವಾರ ಬರುವ ಮೊದಲೇ

ಬಸ್ ಡಿಪೋದ ಹಿಂದಿನ ಬೀದಿಯಲ್ಲಿ ಕಾರು, ಬಸ್ಸು, ಸೋಫಾಗಳ ಸೀಟು ಹೊಲಿಯುವ ಅಂಗಡಿಯೊಂದಿದೆ. ಅದನ್ನು ನಡೆಸುವ ಹೆಂಗಸನ್ನು ಬೀದಿಯವರೆಲ್ಲ ಕುಶನ್ ಅಕ್ಕ ಎಂದೇ ಕರೆಯುತ್ತಾರೆ. ಅಪ್ಪ ಶುರುಮಾಡಿದ ಅಂಗಡಿ. ಅಪ್ಪ ಹೋದ ಮೇಲೆ ಅಕ್ಕ ಮತ್ತು ಅವಳ ತಮ್ಮ ಸೇರಿ ಅದನ್ನು ಉಳಿಸಿಕೊಂಡರು. ತಮ್ಮ ಹಳೆಯ ರೆಕ್ಸಿನ್ ಕಿತ್ತು, ಮೊಳೆ ಕಳಚಿ, ಹೊಸ ಸ್ಪಂಜು ಕತ್ತರಿಸಿ ಅಂಟಿಸುತ್ತಾನೆ. ಅಕ್ಕ ಅಳತೆ ಹಿಡಿದು ಹೊಲಿಗೆ ಹಾಕುತ್ತಾಳೆ. ಒಳಗೆ ಕಾಲಿಟ್ಟರೆ ಅಂಟಿನ ಘಾಟು ಮೂಗಿಗೆ ಹೊಡೆಯುತ್ತದೆ. ನೆಲದ ತುಂಬ ಸ್ಪಂಜಿನ ಪುಡಿ, ಬಾಗಿಲ ಪಕ್ಕದಲ್ಲಿ ಸೀಟು ಕಳಚಿದ ಕಾರುಗಳ ಅಸ್ಥಿಪಂಜರ.

ಅಕ್ಕನಿಗೆ ಕೋಪ ಮೂಗಿನ ತುದಿಯಲ್ಲೇ. ಇದು ಬೀದಿಗೆಲ್ಲ ಗೊತ್ತು. ಹೇಳಿದ ದಿನ ಗಾಡಿ ತಾರದ ಗಿರಾಕಿಗೆ ಬೈಗುಳ, ಹೇಳದ ದಿನ ತಂದು ನಿಲ್ಲಿಸಿದವನಿಗೆ ಇನ್ನೊಂದಿಷ್ಟು. ಅವಳ ಗಂಡ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಮೆತ್ತಗಿನ ಮನುಷ್ಯ. ಮನೆಯಲ್ಲಿ ಗ್ಯಾಸ್ ಮುಗಿದರೂ ಅಡುಗೆ ನಿಲ್ಲುವುದಿಲ್ಲ, ಇವಳ ನೆತ್ತಿಯ ಮೇಲೆ ಪಾತ್ರೆ ಇಟ್ಟರೆ ಸಾಕು, ಕುದಿಯುತ್ತದೆ ಎಂದು ಅವನು ನೆಂಟರೆದುರು ಹೇಳುವುದುಂಟು. ಅಕ್ಕನೂ ನಗುತ್ತಿದ್ದಳು. ಅವಳ ಕೋಪ ಬಂದಷ್ಟೇ ಬೇಗ ಇಳಿಯುತ್ತಿತ್ತು. ಇಳಿಯದೆ ಉಳಿದ ಒಂದು ಕೋಪದ ಕತೆ ಇದು.

ದಿನವಿಡೀ ಯಂತ್ರದ ಮುಂದೆ ಬಾಗಿ ಕೂತು ಅವಳ ಸೊಂಟ ಹಿಡಿದುಕೊಂಡಿತ್ತು. ಡಾಕ್ಟರು ಮೈ ಆಡಿಸಬೇಕು ಎಂದರು. ನಡೆಯುವುದೆಂದರೆ ಅವಳಿಗೆ ಬೇಸರ. ತಮ್ಮ ಒಂದು ಹಳೆಯ ಗೇರ್ ಸೈಕಲ್ ತಂದು ಅಂಗಡಿಯ ಮುಂದೆ ನಿಲ್ಲಿಸಿದ. ಅವನು ಆಗಲೇ ಊರಿನ ಸೈಕಲ್ ಕ್ಲಬ್ಬಿನಲ್ಲಿದ್ದ. ತುಳಿಯುವುದಕ್ಕಿಂತ ಅಲ್ಲಿನ ಓಡಾಟದ ಕೆಲಸಗಳೇ ಅವನಿಗೆ ಇಷ್ಟ: ಹಗ್ಗ ಕಟ್ಟುವುದು, ಬ್ಯಾನರ್ ಏರಿಸುವುದು, ಬೆನ್ನ ಮೇಲೆ ಸ್ವಯಂಸೇವಕ ಎಂದು ಬರೆದ ಹಳದಿ ಕೋಟು ಹಾಕಿಕೊಂಡು ಸೀಟಿ ಊದುವುದು. ನಲವತ್ತು ದಾಟಿದ ಅಕ್ಕ ಮೊದಮೊದಲು ಡಿಪೋದ ಗೋಡೆ ಬದಿಯಲ್ಲಿ ತುಳಿದಳು, ಆಮೇಲೆ ಭಾನುವಾರ ಬೆಳಿಗ್ಗೆ ಕ್ಲಬ್ಬಿನವರ ಜೊತೆ ಹೊರಟಳು. ಜೊತೆ ಎಂದರೆ ಹೊರಡುವಾಗ ಮಾತ್ರ. ಊರು ದಾಟುವುದರೊಳಗೆ ಉಳಿದವರೆಲ್ಲ ಕಣ್ಣಿಗೆ ಮರೆ. ಹಿಂದೆ ಉಳಿಯುತ್ತಿದ್ದವರು ಇಬ್ಬರೇ, ಅಕ್ಕ ಮತ್ತು ಡ್ರಾಯಿಂಗ್ ಮೇಷ್ಟ್ರು.

ಮೇಷ್ಟ್ರು ಹೈಸ್ಕೂಲಿನಲ್ಲಿ ಚಿತ್ರ ಕಲಿಸಿ ನಿವೃತ್ತರಾದವರು. ಹೆಂಡತಿ ತೀರಿಕೊಂಡ ಮೇಲೆ ಮಗಳ ಮನೆಯಲ್ಲಿದ್ದರು. ಕಡ್ಡಿಯಂಥ ಕಾಲು, ಅದಕ್ಕೆ ಸಡಿಲವಾದ ಚಡ್ಡಿ, ತಲೆಗೆ ಎರಡು ಸೈಜು ದೊಡ್ಡದಾದ ಹೆಲ್ಮೆಟ್. ಏರಿನಲ್ಲಿ ಯಾವಾಗ ಗೇರ್ ಇಳಿಸಬೇಕು, ಇಳಿಜಾರಿನಲ್ಲಿ ಯಾವ ಬ್ರೇಕು ಮೊದಲು ಹಿಡಿಯಬೇಕು ಎಂದು ಅಕ್ಕನಿಗೆ ಕಲಿಸಿದವರು ಅವರೇ. ಇವಳ ಸಿಡುಕು ಅವರ ಮುಂದೆ ನಡೆಯುತ್ತಿರಲಿಲ್ಲ. ಏನಾದರೂ ಗೊಣಗಿದರೆ ಅವರು ಸೈಕಲ್ ನಿಲ್ಲಿಸಿ, ಸುತ್ತ ನೋಡಿ, ಆ ಮರದ ನೆರಳು ನೇರಳೆ ಬಣ್ಣದಲ್ಲಿದೆಯೋ ನೀಲಿಯಲ್ಲಿದೆಯೋ ಹೇಳು ಎನ್ನುತ್ತಿದ್ದರು. ನೆರಳು ಕಪ್ಪು ಎಂದು ಅವಳು, ಅಲ್ಲ ಎಂದು ಅವರು. ಹೀಗೆ ಕೊನೆಯವರಾಗಿ ತುಳಿಯುವುದರಲ್ಲೇ ಇಬ್ಬರಿಗೂ ಒಂದು ಸುಖವಿತ್ತು.

ಕ್ಲಬ್ಬಿನ ಅಧ್ಯಕ್ಷನನ್ನು ಎಲ್ಲರೂ ಕ್ಯಾಪ್ಟನ್ ಎನ್ನುತ್ತಿದ್ದರು. ಸೈನ್ಯದವನಲ್ಲ, ಹಡಗಿನವನೂ ಅಲ್ಲ. ದುಬಾರಿ ಸೈಕಲ್ ಮಾರುವ ಷೋರೂಮ್ ಇತ್ತು, ಕಪ್ಪು ಕನ್ನಡಕವಿತ್ತು, ಎಲ್ಲರ ಹೆಗಲ ಮೇಲೂ ಕೈ ಹಾಕಿ ಮಾತಾಡುವ ಅಭ್ಯಾಸವಿತ್ತು. ವರ್ಷಕ್ಕೊಮ್ಮೆ ಅವನು ದೊಡ್ಡ ರೇಸು ನಡೆಸುತ್ತಿದ್ದ. ಊರಿನ ಗೋಡೆಗಳ ಮೇಲೆ ಅದರ ಪೋಸ್ಟರು. "ಗೆಲ್ಲಲೇಬೇಕೆಂದಿಲ್ಲ, ಎಲ್ಲರೂ ಬನ್ನಿ" ಎಂದು ಅದರಲ್ಲಿ ದಪ್ಪ ಅಕ್ಷರ. ಆ ಮಾತನ್ನು ನಂಬಿಯೇ ಅಕ್ಕ ಮತ್ತು ಮೇಷ್ಟ್ರು ಇಬ್ಬರೂ ಆ ವರ್ಷ ಹೆಸರು ಕೊಟ್ಟರು.

ರೇಸಿನ ದಿನ ಎಲ್ಲವೂ ಚೆನ್ನಾಗಿಯೇ ಶುರುವಾಯಿತು. ಮೈದಾನದಲ್ಲಿ ಗಾಳಿ ತುಂಬಿದ ಕೆಂಪು ಕಮಾನು, ಹಾಡು, ಎದೆಗೆ ಚುಚ್ಚಿಕೊಳ್ಳಲು ನಂಬರು. ಊರು ದಾಟಿ ವರ್ತುಲ ರಸ್ತೆಯಲ್ಲಿ ಕೆರೆಯವರೆಗೆ ಹೋಗಿ, ತಿರುಗಿ ಅದೇ ದಾರಿಯಲ್ಲಿ ಮತ್ತೆ ಮೈದಾನಕ್ಕೆ ಬರಬೇಕು. ರಸ್ತೆಯ ಒಂದು ಭಾಗವನ್ನು ಕಿತ್ತಳೆ ಬಣ್ಣದ ಶಂಕುಗಳನ್ನಿಟ್ಟು ಸೈಕಲ್ಲುಗಳಿಗೇ ಬಿಡಿಸಿದ್ದರು. ಅಡ್ಡರಸ್ತೆ ಬಂದಲ್ಲೆಲ್ಲ ಬ್ಯಾರಿಕೇಡ್, ಅದರ ಪಕ್ಕ ಒಬ್ಬ ಹಳದಿ ಕೋಟಿನವನು. ಕೆರೆಯ ತನಕ ಹೋಗುವಾಗ ಜನ ಚಪ್ಪಾಳೆ ತಟ್ಟಿದರು. ಮೇಷ್ಟ್ರು ಪ್ರತಿಯೊಬ್ಬರಿಗೂ ಕೈ ಬೀಸಿದರು.

ತಿರುಗಿ ಬರುವಾಗ ಮೊದಲು ಕಾಣೆಯಾದದ್ದು ನೀರಿನ ಮೇಜು. ಮೇಜಿದ್ದ ಜಾಗದಲ್ಲಿ ಒದ್ದೆ ನೆಲ, ತುಳಿದು ಚಪ್ಪಟೆಯಾದ ಲೋಟಗಳು. ಮುಂದೆ ಬಂದರೆ ಶಂಕುಗಳೂ ಇಲ್ಲ. ಆಮೇಲೆ ಒಂದು ಕಾರು ಅಕ್ಕನ ಮೊಣಕೈ ಸವರಿಕೊಂಡು ಹೋಯಿತು, ಅದರ ಹಿಂದೆ ಇನ್ನೊಂದು. ಅವಳು ಹಿಂದಿನಿಂದ ಕೂಗಿದಳು. ಮೇಷ್ಟ್ರಿಗೆ ಕೇಳಿಸಲಿಲ್ಲ. ಕೊನೆಯ ಇಳಿಜಾರಿನಲ್ಲಿ ಅವರು ಅವಳಿಗಿಂತ ತುಸು ಮುಂದಿದ್ದರು. ಇಳಿಜಾರು ಮುಗಿಯುವಲ್ಲಿ ಸಿಮೆಂಟ್ ಗೋದಾಮಿನ ಸರ್ಕಲ್. ಬೆಳಿಗ್ಗೆ ಅಲ್ಲಿ ಅಡ್ಡರಸ್ತೆಯನ್ನು ಮುಚ್ಚಿದ್ದನ್ನು ಅವರು ಕಣ್ಣಾರೆ ಕಂಡಿದ್ದರು. ಈಗಲೂ ಮುಚ್ಚಿದೆ ಎಂದುಕೊಂಡು ಬ್ರೇಕು ಹಿಡಿಯದೆ ನೇರ ನುಗ್ಗಿದರು. ಅಡ್ಡರಸ್ತೆಯಿಂದ ಒಂದು ಮಿನಿ ಲಾರಿ ಬಂತು.

ಬಡಿದ ಸದ್ದು ದೊಡ್ಡದೇನಲ್ಲ. ಮೇಷ್ಟ್ರು ರಸ್ತೆಯ ನಡುವೆ ಬಿದ್ದಿದ್ದರು. ಒಂದು ತೋಳು ಬೆನ್ನ ಕೆಳಗೆ ಸಿಕ್ಕಿಕೊಂಡಿತ್ತು. ಕಣ್ಣು ತೆರೆದೇ ಇತ್ತು. ಅಕ್ಕ ತನ್ನ ಸೈಕಲ್ಲನ್ನು ರಸ್ತೆಗೆ ಅಡ್ಡಲಾಗಿ ಮಲಗಿಸಿದಳು, ಹಿಂದಿನ ಗಾಡಿಗಳು ಅವರ ಮೇಲೆ ಹರಿಯದಿರಲಿ ಎಂದು. ಎದೆಯ ಚೀಟಿಯಲ್ಲಿ ತುರ್ತಿಗೆ ಎಂದು ಅಚ್ಚು ಹಾಕಿದ್ದ ನಂಬರಿಗೆ ಫೋನ್ ಮಾಡಿದಳು. ರಿಂಗ್ ಆಯಿತು, ಯಾರೂ ಎತ್ತಲಿಲ್ಲ. ಮತ್ತೆ ಮಾಡಿದಳು. ಎತ್ತಿದವರು ಹಾಡಿನ ಗದ್ದಲದಲ್ಲಿ ಏನೂ ಕೇಳಿಸದೆ ಇಟ್ಟುಬಿಟ್ಟರು. ಕೊನೆಗೆ ಮೇಷ್ಟ್ರನ್ನು ಆಸ್ಪತ್ರೆಗೆ ಸೇರಿಸಿದ್ದು ಆ ಲಾರಿಯ ಚಾಲಕನೇ. ರಸ್ತೆ ತೆರೆದಿತ್ತು ಅಕ್ಕ, ಯಾರೂ ಕೈ ತೋರಿಸಲಿಲ್ಲ, ಯಾರೂ ಇರಲೇ ಇಲ್ಲ ಎಂದು ದಾರಿಯುದ್ದಕ್ಕೂ ಅದನ್ನೇ ಹೇಳಿದ. ಅವನ ಮೇಲೆ ಅವಳಿಗೆ ಕೋಪ ಬರಲಿಲ್ಲ. ಯಾರ ಮೇಲೆ ಬರಬೇಕು ಎಂಬುದು ಅಷ್ಟರಲ್ಲೇ ಅವಳಿಗೆ ತಿಳಿದಿತ್ತು.

ಭುಜದ ಗುಂಡು ಮುರಿದಿದೆ, ಕತ್ತಿನ ಕೆಳಗಿನ ಎಲುಬೂ ಮುರಿದಿದೆ ಎಂದರು ಡಾಕ್ಟರು. ಮಗಳು ಬಂದಳು. ಅಕ್ಕ ರಕ್ತ ಹತ್ತಿದ ಅಂಗಿಯಲ್ಲೇ ಮೈದಾನಕ್ಕೆ ಹೋದಳು.

ಕಮಾನಿನ ಗಾಳಿ ತೆಗೆದಿದ್ದರು. ಕೆಂಪು ಬಟ್ಟೆ ನೆಲದ ಮೇಲೆ ಸುಕ್ಕಾಗಿ ಬಿದ್ದಿತ್ತು. ವೇದಿಕೆಯ ಮೇಲೆ ಗೆದ್ದವರು, ಅತಿಥಿ, ಹೂಗುಚ್ಛ. ಹಳದಿ ಕೋಟಿನವರೆಲ್ಲ ಸಾಲಾಗಿ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಆ ಸಾಲಿನಲ್ಲಿ ತಮ್ಮನೂ ಇದ್ದ. ಆಂಬುಲೆನ್ಸ್ ವೇದಿಕೆಯ ಪಕ್ಕದ ನೆರಳಿನಲ್ಲಿ ನಿಂತಿತ್ತು. ಅಕ್ಕ ನೇರ ಹೋಗಿ ಕ್ಯಾಪ್ಟನ್ನನ ಮುಂದೆ ನಿಂತು ನಡೆದದ್ದನ್ನು ಹೇಳಿದಳು. ಅವನು ಕನ್ನಡಕ ತೆಗೆದ, ಮುಖ ಚಿಕ್ಕದು ಮಾಡಿಕೊಂಡ, ಅವಳ ಹೆಗಲ ಮೇಲೆ ಕೈ ಇಟ್ಟ.

"ತುಂಬಾ ಬೇಜಾರಾಯ್ತು ಮೇಡಂ. ಆದ್ರೆ ರೇಸ್ ಮುಗಿಸೋ ಗಡುವು ದಾಟಿ ಹೋಗಿತ್ತಲ್ವಾ. ಗಡುವು ಮುಗಿದ ಮೇಲೆ ಅವರು ರೇಸಲ್ಲಿ ಇರಲಿಲ್ಲ. ರಸ್ತೇಲಿ ಹೋಗೋ ಯಾರೋ ಒಬ್ಬರು, ಅಷ್ಟೆ."

ಅಕ್ಕ ಅವನ ಕೈಯನ್ನು ಹೆಗಲಿನಿಂದ ಎತ್ತಿ ಕೆಳಗಿಟ್ಟಳು. ಗಿರಾಕಿಗಳನ್ನು ಬೈಯುವಾಗ ಸಲೀಸಾಗಿ ಬರುತ್ತಿದ್ದ ಮಾತುಗಳಲ್ಲಿ ಒಂದೂ ಒದಗಲಿಲ್ಲ. ಅಷ್ಟರಲ್ಲಿ ಯಾರೋ ಕ್ಯಾಪ್ಟನ್ನನನ್ನು ಫೋಟೋಕ್ಕೆ ಕರೆದರು. ಅವನು ಕನ್ನಡಕ ಹಾಕಿಕೊಂಡು ಹೋದ.

ಮರುದಿನ ಅಂಗಡಿಯಲ್ಲಿ ತಮ್ಮ ಅವಳಿಗಿಂತ ಮೊದಲೇ ಬಂದು ಕಾರಿನ ಸೀಟೊಂದನ್ನು ಕಳಚುತ್ತಾ ಕೂತಿದ್ದ. ಮುಖ ಎತ್ತಲಿಲ್ಲ. ಅಕ್ಕ ಯಂತ್ರಕ್ಕೆ ನೂಲು ಪೋಣಿಸಿದಳು, ಒಂದು ಹೊಲಿಗೆ ಹಾಕಿದಳು, ನಿಲ್ಲಿಸಿದಳು.

"ಗೋದಾಮಿನ ಸರ್ಕಲ್ಲಲ್ಲಿ ಯಾರಿದ್ದಿದ್ದು?"

ಅವನು ಮೊಳೆ ಕೀಳುವ ಇಕ್ಕಳವನ್ನು ಕೆಳಗಿಟ್ಟ.

"ನಾನೇ."

"ಬ್ಯಾರಿಕೇಡ್ ತೆಗೆದಿದ್ದು?"

"ಕ್ಯಾಪ್ಟನ್ ಫೋನ್ ಮಾಡಿದ್ರು ಅಕ್ಕ. ಅತಿಥಿಗಳು ಹೊರಟಿದಾರೆ, ಎಲ್ಲಾ ಸ್ವಯಂಸೇವಕರೂ ಸ್ಟೇಜ್ ಹತ್ರ ಬೇಕು, ಎಲ್ಲಾ ಬಿಚ್ಚಿಕೊಂಡು ಬಾ ಅಂದ್ರು."

"ನಾನು ಹಿಂದೆ ಇದೀನಿ ಅಂತ ನಿಂಗೆ ಗೊತ್ತಿತ್ತು ಕಣೋ."

ಅವನು ಕಳಚಿದ ಮೊಳೆಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕಿದ. ಗೊತ್ತಿತ್ತು ಎಂದ ಕೊನೆಗೆ. ಕ್ಯಾಪ್ಟನ್ನಿಗೂ ಹೇಳಿದ್ದನಂತೆ, ಇನ್ನೂ ಇಬ್ಬರು ಬರಬೇಕು ಎಂದು. ಅವರು ಬದಿಯಲ್ಲಿ ಬರುತ್ತಾರೆ ಬಿಡು ಎಂದಿದ್ದನಂತೆ ಅವನು. ಇವನೂ ಹಾಗೇ ಬಿಟ್ಟ.

ಅಕ್ಕ ಬೈಯಲಿಲ್ಲ. ಬೈದಿದ್ದರೆ ತಮ್ಮನಿಗೆ ಹಗುರವಾಗುತ್ತಿತ್ತೇನೋ. ಅವತ್ತಿನಿಂದ ಅವಳು ಅವನ ಜೊತೆ ಮಾತು ಬಿಟ್ಟಳು. ಒಂದೇ ಸೋಫಾದ ಎರಡು ತುದಿ ಹಿಡಿದು ರೆಕ್ಸಿನ್ ಎಳೆಯಬೇಕು, ಎಳೆತ ಸರಿಯಿದೆಯೋ ಇಲ್ಲವೋ ಹೇಳಬೇಕು, ಆದರೆ ಮಾತಿಲ್ಲ. ಅವಳು ಗೋಡೆಗೆ ಹೇಳುತ್ತಿದ್ದಳು, ಇನ್ನೂ ಸ್ವಲ್ಪ ಎಳೆಯಬೇಕು ಎಂದು. ಇವನು ಎಳೆಯುತ್ತಿದ್ದ. ಗಿರಾಕಿಗಳು ಬಂದರೆ ಅವರ ಮೂಲಕ ಸಂಧಾನ. ಸಾರ್, ಕತ್ತರಿ ಆ ಕಡೆ ಇದೆಯಾ ಕೇಳಿ ಎಂದರೆ ಗಿರಾಕಿ ಕಣ್ಣುಕಣ್ಣು ಬಿಡುತ್ತಿದ್ದ.

ಕ್ಲಬ್ಬಿನವರದೊಂದು ವಾಟ್ಸಾಪ್ ಗುಂಪಿತ್ತು. ಅಕ್ಕ ಅಲ್ಲಿ ಬರೆಯಲು ಕೂತಳು. ಮೊದಲು ಬರೆದದ್ದನ್ನು ಗಂಡನಿಗೆ ತೋರಿಸಿದಳು. ಅವನು ಓದಿ, ಕನ್ನಡಕ ಒರೆಸಿಕೊಂಡು, ಇದರಲ್ಲಿ ಬೈಗುಳ ತೆಗೆದರೆ ಏನು ಉಳಿಯುತ್ತದೆ ನೋಡು ಎಂದ. ತೆಗೆದು ನೋಡಿದರೆ ನಾಲ್ಕು ಪ್ರಶ್ನೆ ಉಳಿದವು. ಕೊನೆಯವರು ಬರುವ ಮೊದಲು ರಸ್ತೆ ಏಕೆ ತೆರೆದಿರಿ. ಆಂಬುಲೆನ್ಸ್ ವೇದಿಕೆಯ ಬಳಿ ಏಕೆ ಇತ್ತು. ತುರ್ತು ಫೋನು ಯಾರ ಕೈಯಲ್ಲಿತ್ತು. ಗಡುವು ಮೀರಿದ್ದರೆ ನಮ್ಮನ್ನು ನಿಲ್ಲಿಸಿ ಹೇಳಲು ಯಾರೂ ಏಕೆ ಬರಲಿಲ್ಲ. ಅಷ್ಟನ್ನೇ ಹಾಕಿದಳು.

ಮೊದಲು ಒಬ್ಬ, ಮೇಷ್ಟ್ರು ಬೇಗ ಗುಣವಾಗಲಿ ಎಂದು ಕೈಮುಗಿದ ಚಿತ್ರ ಹಾಕಿದ. ಇನ್ನೊಬ್ಬ, ಇಷ್ಟು ಒಳ್ಳೆಯ ಕಾರ್ಯಕ್ರಮ ನಡೆಸಿಕೊಟ್ಟವರ ಉತ್ಸಾಹ ಕುಗ್ಗಿಸಬಾರದು ಎಂದ. ಎಲ್ಲರೂ ಸಂಬಳವಿಲ್ಲದೆ ದುಡಿಯುವವರು, ಕೊಂಕು ತೆಗೆಯುವುದು ಸುಲಭ ಎಂದ ಮತ್ತೊಬ್ಬ. ಸಂಬಳ ಇಲ್ಲದವರು ರಸ್ತೆ ತೆರೆದರೆ ಲಾರಿ ಮೆತ್ತಗೆ ಬಡಿಯುತ್ತದೆಯೇ ಎಂದು ಅಕ್ಕ ಕೇಳಿದಳು. ಈ ಸಲ ಗಂಡನಿಗೆ ತೋರಿಸಿರಲಿಲ್ಲ. ಅದೇ ಸಂಜೆ ಅವಳನ್ನು ಗುಂಪಿನಿಂದ ತೆಗೆದುಹಾಕಿದರು.

ಇವರೆಲ್ಲರಿಗಿಂತ ಹೆಚ್ಚು ಕೋಪ ಬರಿಸಿದವರು ಮೇಷ್ಟ್ರು. ಅವಳು ನೋಡಲು ಹೋದಾಗ ಅವರು ಮಂಚದಲ್ಲಿ ದಿಂಬಿಗೆ ಒರಗಿದ್ದರು. ಬಲಗೈಯನ್ನು ಎದೆಗೆ ಸೇರಿಸಿ ಕಟ್ಟಿದ್ದರು, ಎಡಗೈಯಲ್ಲಿ ಪೆನ್ಸಿಲ್ ಹಿಡಿಯಲು ನೋಡಿ ಸೋತಿದ್ದರು. ಮಗಳು ಅಡುಗೆಮನೆಗೆ ಹೋದದ್ದನ್ನು ನೋಡಿಕೊಂಡು ದನಿ ತಗ್ಗಿಸಿದರು.

"ನನ್ನ ವಿಷಯ ಎಲ್ಲೂ ಎತ್ತಬೇಡ ಕಣಮ್ಮ. ಗಲಾಟೆ ಆದಷ್ಟೂ ನನ್ನ ಮಗಳಿಗೆ ಹೆದರಿಕೆ ಜಾಸ್ತಿ. ಈಗಲೇ ಸೈಕಲ್ ಮಾರ್ತೀನಿ ಅಂತಿದಾಳೆ."

ಅಕ್ಕ ಏನೋ ಹೇಳಲು ಬಾಯಿ ತೆರೆದಳು. ಅವರು ಅವಳ ಕೈ ಹಿಡಿದುಕೊಂಡರು. ಕ್ಲಬ್ಬಿನಲ್ಲಿ ನನಗೆ ಮರ್ಯಾದೆ ಇದೆ, ಅದನ್ನು ಕಳೆಯಬೇಡ, ನಿಧಾನ ಹೋಗುವ ಮುದುಕನಿಂದ ರೇಸು ಕೆಟ್ಟಿತು ಅನ್ನಿಸಿಕೊಳ್ಳುವುದು ಬೇಡ ಎಂದರು. ಅವಳು ಆಗಲಿ ಎಂದು ಮಾತು ಕೊಟ್ಟಳು. ಹೊರಗೆ ಬಂದು ಅವರ ಗೇಟನ್ನು ಎಷ್ಟು ಜೋರಾಗಿ ಹಾಕಿದಳೆಂದರೆ ಪಕ್ಕದ ಮನೆಯವರು ಕಿಟಕಿಗೆ ಬಂದರು. ಪೆಟ್ಟು ತಿಂದವರೇ ತಪ್ಪು ಮಾಡಿದವರಂತೆ ತಲೆ ತಗ್ಗಿಸುವುದನ್ನು ಅವಳಿಂದ ನೋಡಲಾಗಿರಲಿಲ್ಲ.

ಕ್ಲಬ್ಬಿನ ವಾರ್ಷಿಕ ಸಭೆ ಕ್ಯಾಪ್ಟನ್ನನ ಷೋರೂಮಿನ ಮಾಳಿಗೆಯಲ್ಲಿ ನಡೆಯಿತು. ಗುಂಪಿನಿಂದ ತೆಗೆದರೂ ಸದಸ್ಯತ್ವ ಇನ್ನೂ ಇತ್ತು. ಅಕ್ಕ ಹೋಗಿ ಹಿಂದಿನ ಸಾಲಿನಲ್ಲಿ ಕೂತಳು. ತಮ್ಮ ಇನ್ನೊಂದು ಮೂಲೆಯಲ್ಲಿದ್ದ. ರೇಸು ಎಷ್ಟು ಯಶಸ್ವಿಯಾಯಿತು, ಪತ್ರಿಕೆಗಳಲ್ಲಿ ಎಷ್ಟು ಫೋಟೋ ಬಂದವು ಎಂದು ಕಾರ್ಯದರ್ಶಿ ಓದಿದ. ಯಾರಿಗಾದರೂ ಏನಾದರೂ ಹೇಳುವುದಿದೆಯೇ ಎಂದು ಕೇಳಿ, ಉತ್ತರಕ್ಕೆ ಕಾಯದೆ ಹಾಳೆ ಮಡಿಸಿದ. ಅಕ್ಕ ಎದ್ದು ನಿಂತಳು.

ಕೊಟ್ಟ ಮಾತಿನಂತೆ ಮೇಷ್ಟ್ರ ಹೆಸರು ಹೇಳಲಿಲ್ಲ. ನಾನು ಕೊನೆಯವಳಾಗಿ ಬರುತ್ತಿದ್ದೆ, ರಸ್ತೆ ತೆರೆದಿತ್ತು, ನಾನು ಸತ್ತಿದ್ದರೆ ಯಾರು ಹೊಣೆ ಎಂದು ಕೇಳಿದಳು. ದನಿ ನಡುಗುತ್ತಿತ್ತು. ಮುಂದಿನ ಸಾಲಿನ ಇಬ್ಬರು ಹುಡುಗರು ಪರಸ್ಪರ ನೋಡಿಕೊಂಡು ನಕ್ಕರು. ಕ್ಯಾಪ್ಟನ್ ಮಾತ್ರ ನಗಲಿಲ್ಲ. ಬಹಳ ಒಳ್ಳೆಯ ಪ್ರಶ್ನೆ ಎಂದು ತಲೆಯಾಡಿಸಿದ.

"ಮೇಡಂ ಹೇಳೋದು ಸರಿ. ಸರ್ಕಲ್ಲಲ್ಲಿ ಬ್ಯಾರಿಕೇಡ್ ಬೇಗ ತೆಗೆದಿದ್ದು ತಪ್ಪೇ. ಯಾರು ತೆಗೆದ್ರು ಅಂತ ಹೇಳೋದಕ್ಕೆ ನನಗೆ ಮುಜುಗರ. ಅವರ ಸ್ವಂತ ತಮ್ಮನೇ."

ಮಾಳಿಗೆಯಲ್ಲಿ ಕುರ್ಚಿಗಳು ಕಿರುಗುಟ್ಟಿದವು. ಎಲ್ಲರೂ ತಮ್ಮನ ಕಡೆ ತಿರುಗಿದರು. ಅವನ ಮುಖ ಬಿಳುಚಿಕೊಂಡಿತು. ಹತ್ತು ವರ್ಷ ಈ ಕ್ಲಬ್ಬಿಗಾಗಿ ಹಗ್ಗ ಕಟ್ಟಿದವನು, ಕ್ಯಾಪ್ಟನ್ ಕರೆದಾಗಲೆಲ್ಲ ಅಂಗಡಿ ಬಿಟ್ಟು ಓಡಿದವನು. ತನ್ನನ್ನು ಇಷ್ಟು ಸಲೀಸಾಗಿ ಮುಂದೆ ತಳ್ಳಬಹುದೆಂದು ಅವನು ಎಣಿಸಿರಲಿಲ್ಲ.

ಅಕ್ಕನಿಗೆ ಆ ಕ್ಷಣ ಕಣ್ಣು ಕತ್ತಲಿಟ್ಟಿತು. ತಾನು ಮಾತು ಬಿಟ್ಟದ್ದು ಬೇರೆ, ಇವನು ತಮ್ಮನನ್ನು ಬಲಿ ಕೊಡುವುದು ಬೇರೆ. ಅವಳ ನಡುಕ ನಿಂತಿತು.

"ಹೌದು, ನನ್ನ ತಮ್ಮನೇ ತೆಗೆದ. ಅದಕ್ಕೆ ಅವನ ಹತ್ರ ನಾನು ಮಾತಾಡ್ತಿಲ್ಲ. ಅವನ ಪಾಲಿಂದು ಅವನು ಅನುಭವಿಸ್ತಾ ಇದಾನೆ. ನಿಮ್ಮ ಪಾಲಿಂದು ಹೇಳಿ. ತೆಗಿ ಅಂತ ಫೋನ್ ಮಾಡಿದ್ದು ಯಾರು?"

ಕ್ಯಾಪ್ಟನ್ ತನಗೆ ಹಾಗೇನೂ ನೆನಪಿಲ್ಲ ಎಂದ. ಆಗ ತಮ್ಮ ಎದ್ದ. ಸಭೆಯಲ್ಲಿ ಎದ್ದು ಮಾತಾಡಿದವನೇ ಅಲ್ಲ ಅವನು. ಅಂಗಿಯ ಗುಂಡಿ ತಿರುಗಿಸುತ್ತಾ, ನೆಲ ನೋಡುತ್ತಾ, ಅವತ್ತು ಫೋನಿನಲ್ಲಿ ಬಂದ ಮಾತನ್ನು ಒಂದಕ್ಷರ ಬಿಡದೆ ಹೇಳಿದ. ಇನ್ನೂ ಇಬ್ಬರು ಬರಬೇಕು ಎಂದು ತಾನು ಹೇಳಿದ್ದನ್ನೂ, ಬದಿಯಲ್ಲಿ ಬರುತ್ತಾರೆ ಬಿಡು ಎಂದು ಉತ್ತರ ಬಂದದ್ದನ್ನೂ ಹೇಳಿದ. ಅವರ ಮಾತು ನಾನು ಕೇಳಬಾರದಿತ್ತು, ಕೇಳಿದೆ ಎಂದು ಮುಗಿಸಿ ಕೂತ. ನಕ್ಕಿದ್ದ ಹುಡುಗರು ಈಗ ಫೋನು ನೋಡುತ್ತಿದ್ದರು.

ಏನಾದರೂ ಆಗುತ್ತದೆ ಎಂದು ಅಕ್ಕ ಕಾದಳು. ಆದದ್ದು ಇಷ್ಟು. ವಿಚಾರಣೆಗೆ ಸಮಿತಿ ಮಾಡುತ್ತೇವೆ ಎಂದರು. ಸಮಿತಿಗೆ ಕ್ಯಾಪ್ಟನ್ನನೇ ಮುಖ್ಯಸ್ಥ. ಮುಂದಿನ ವರ್ಷದಿಂದ ಇಂತಿಷ್ಟು ವೇಗ ಇದ್ದವರಿಗೆ ಮಾತ್ರ ಪ್ರವೇಶ ಎಂದು ಹೊಸ ನಿಯಮ ತಂದರು. ನಿಧಾನದವರನ್ನೇ ತೆಗೆದುಬಿಟ್ಟರೆ ನಿಧಾನದವರಿಗೆ ಅಪಾಯವೇ ಇಲ್ಲವಲ್ಲ ಎಂಬ ಲೆಕ್ಕ. ಇದನ್ನೇ ಸುರಕ್ಷತೆ ಎಂದು ಕರೆದು ಚಪ್ಪಾಳೆ ತಟ್ಟಿದರು. ಅಕ್ಕ ಮೆಟ್ಟಿಲಿಳಿಯುವಾಗ ಗೋಡೆಯ ಮೇಲೆ ಹಳೆಯ ಪೋಸ್ಟರು ಇನ್ನೂ ಇತ್ತು. ಎಲ್ಲರೂ ಬನ್ನಿ ಎಂಬ ಭಾಗವನ್ನು ಉಗುರಿನಿಂದ ಕೆರೆದು ಕಿತ್ತಳು.

ಮರುದಿನ ಬೆಳಿಗ್ಗೆ ತಮ್ಮ ಅಂಗಡಿಯಲ್ಲಿ, ಗೋಡೆಯನ್ನಲ್ಲ, ಅವಳನ್ನೇ ಕೇಳಿದ, ಕತ್ತರಿ ಎಲ್ಲಿ ಎಂದು. ನಿನ್ನ ಕಾಲ ಕೆಳಗಿದೆ, ಕಣ್ಣು ಕಾಣಿಸಲ್ವಾ ಎಂದಳು ಅವಳು. ಅವನು ಕತ್ತರಿ ಎತ್ತಿಕೊಂಡ. ಮಧ್ಯಾಹ್ನ ಇಬ್ಬರೂ ಒಂದೇ ಡಬ್ಬಿಯಿಂದ ಊಟ ಮಾಡಿದರು.

ಆಮೇಲೆ ಅಕ್ಕ ಸಂಚಾರ ಪೊಲೀಸ್ ಠಾಣೆಗೆ ಹೋದಳು. ರೇಸಿಗೆ ರಸ್ತೆ ಬಿಡಿಸಿಕೊಡಲು ಅನುಮತಿ ಕೊಡುವವರು ಅವರೇ. ಅಲ್ಲಿನ ಅಧಿಕಾರಿಣಿ ದಪ್ಪ ಕೂದಲಿನ, ಸದಾ ಎರಡು ಫೋನು ಹಿಡಿದ ಹೆಂಗಸು. ಮೊದಲ ಸಲ ಕೇಳಲು ಪುರುಸೊತ್ತಿಲ್ಲ ಎಂದು ಕಳಿಸಿದಳು. ಎರಡನೆಯ ಸಲ ಕೇಳಿದಳು. ಹದಿನೈದು ವರ್ಷದಿಂದ ರೇಸಿಗೆ ಅನುಮತಿ ಕೊಡುತ್ತಿದ್ದೇವೆ, ಒಬ್ಬರೂ ದೂರು ಹೇಳಿದ್ದಿಲ್ಲ, ಪೆಟ್ಟಾದವರೇ ಬಂದು ಹೇಳಲಿ, ನಿಮ್ಮ ಬಾಯಿ ಮಾತಿನ ಮೇಲೆ ನಾನೇನು ಮಾಡಲಿ ಎಂದಳು. ಅಕ್ಕನಿಗೆ ಅವಳ ಮೇಲೂ ಸಿಟ್ಟು ಬಂತು. ಆದರೆ ಕೇಳಿದ್ದು ನ್ಯಾಯವೇ ಆಗಿತ್ತು. ಮೇಷ್ಟ್ರಿಗೆ ಕೊಟ್ಟ ಮಾತು ಕಗ್ಗಂಟಾಗಿತ್ತು. ಅವಳು ಹೊರಗೆ ಬಂದು ಮೆಟ್ಟಿಲ ಮೇಲೆ ಬಹಳ ಹೊತ್ತು ಕೂತಳು.

ಆ ಗಂಟನ್ನು ಬಿಡಿಸಿದವನು ಕ್ಯಾಪ್ಟನ್ನೇ. ಅಕ್ಕ ಠಾಣೆಗೆ ಹೋದ ಸುದ್ದಿ ಅವನ ಕಿವಿಗೆ ಬಿದ್ದಿರಬೇಕು. ಹಣ್ಣಿನ ಬುಟ್ಟಿ ಹಿಡಿದು ಮೇಷ್ಟ್ರ ಮನೆಗೆ ಬಂದ. ಕಾರ್ಯದರ್ಶಿಯೂ ಜೊತೆಯಲ್ಲಿದ್ದ. ಆರೋಗ್ಯ ವಿಚಾರಿಸಿ, ಹಣ್ಣು ಸುಲಿದುಕೊಟ್ಟು, ಒಂದು ಸಣ್ಣ ಸಹಾಯ ಎಂದು ಪೀಠಿಕೆ ಹಾಕಿದ. ಸುಮ್ಮನೆ ಎರಡು ಮಾತು, ಫೋನಿನಲ್ಲಿ ವೀಡಿಯೊ ತೆಗೆಯುತ್ತೇವೆ, ಗಮನ ತಪ್ಪಿ ನಾನೇ ಬಿದ್ದೆ, ಕ್ಲಬ್ಬಿನವರು ಚೆನ್ನಾಗಿ ನೋಡಿಕೊಂಡರು ಎಂದರೆ ಸಾಕು ಎಂದ. ಕಾರ್ಯದರ್ಶಿ ಫೋನು ಎತ್ತಿ ಹಿಡಿದ. ಬೆಳಕು ಸಾಲದೆಂದು ಕಿಟಕಿಯ ಪರದೆ ಸರಿಸಿ, ಕೈಯ ಕಟ್ಟು ಕಾಣದಂತೆ ಶಾಲು ಹೊದಿಸಲು ಹೋದ.

ನಲವತ್ತು ವರ್ಷ ಮಕ್ಕಳಿಗೆ ಚಿತ್ರ ಕಲಿಸಿ ಒಂದು ದಿನವೂ ದನಿ ಏರಿಸದ ಮನುಷ್ಯ ಅವರು. ಶಾಲನ್ನು ಎಡಗೈಯಿಂದ ಕಿತ್ತೆಸೆದರು. ಎದ್ದು ನಿಲ್ಲಲು ಹೋಗಿ ನೋವಿಗೆ ಮತ್ತೆ ಕೂತರು. ಬುಟ್ಟಿ ತೆಗೆದುಕೊಂಡು ಹೊರಡಿ ಎಂದು ಮಾತ್ರ ಹೇಳಿದರಂತೆ. ಹಾಗೆ ಹೇಳುವಾಗ ಅಪ್ಪನ ಮುಖ ನೋಡಿ ನನಗೇ ಹೆದರಿಕೆಯಾಯಿತು ಎಂದು ಮಗಳು ಆಮೇಲೆ ಅಕ್ಕನಿಗೆ ಹೇಳಿದಳು. ಆ ಮಗಳೇ ಫೋನ್ ಮಾಡಿ ಕರೆದದ್ದು. ಅಕ್ಕ ಹೋದಾಗ ಮೇಷ್ಟ್ರು ಅಂಗಿ ಹಾಕಿಕೊಂಡು ಬಾಗಿಲಲ್ಲೇ ಕುರ್ಚಿ ಹಾಕಿ ಕೂತಿದ್ದರು. ಅಂಗಿಯ ಖಾಲಿ ತೋಳನ್ನು ಪಿನ್ನು ಹಾಕಿ ಮಡಿಸಿದ್ದರು.

"ಎಲ್ಲಿಗೆ ಹೋಗಬೇಕು ಹೇಳು. ನನ್ನ ಹೆಸರೂ ಹೇಳ್ತೀನಿ, ಅವನ ಹೆಸರೂ ಹೇಳ್ತೀನಿ."

ಮಗಳು, ಅಕ್ಕ, ಮೇಷ್ಟ್ರು ಮೂವರೂ ಠಾಣೆಗೆ ಹೋದರು. ತಮ್ಮ ಅಂಗಡಿ ಮುಚ್ಚಿ ಬಂದು ತನ್ನ ಮಾತನ್ನೂ ಹೇಳಿದ. ಲಾರಿಯ ಚಾಲಕನನ್ನೂ ಅವನೇ ಹುಡುಕಿ ಕರೆತಂದಿದ್ದ. ಅಧಿಕಾರಿಣಿ ಎರಡೂ ಫೋನುಗಳನ್ನು ಮೇಜಿನ ಮೇಲೆ ಮಗುಚಿಟ್ಟು ಕೇಳಿದಳು. ಎಲ್ಲ ಕೇಳಿ ಮುಗಿದ ಮೇಲೆ, ರಸ್ತೆ ಬಿಟ್ಟುಕೊಟ್ಟವರು ನಾವು, ನಮ್ಮನ್ನು ಕೇಳದೆ ಅದನ್ನು ತೆರೆಯಲು ಇವನಾರು ಎಂದು ಗುಡುಗಿದಳು. ಕ್ಯಾಪ್ಟನ್ನಿಗೆ ದಂಡ ಬಿತ್ತು. ಜೈಲೇನೂ ಆಗಲಿಲ್ಲ, ಅಧ್ಯಕ್ಷತೆಯೂ ಹೋಗಲಿಲ್ಲ. ಆದರೆ ಮುಂದಿನ ರೇಸಿಗೆ ಅನುಮತಿ ಕೇಳಲು ಹೋದಾಗ ಷರತ್ತು ಹಾಕಿದರು. ಪೋಸ್ಟರಿನಲ್ಲಿ ಎಲ್ಲರೂ ಬನ್ನಿ ಎಂದು ಕರೆದ ಮೇಲೆ ಎಲ್ಲರನ್ನೂ ಸೇರಿಸಬೇಕು. ಕೊನೆಯ ಸವಾರ ಮುಕ್ತಾಯದ ಗೆರೆ ದಾಟುವ ತನಕ ಒಂದು ಶಂಕೂ ಕದಲಬಾರದು, ಆಂಬುಲೆನ್ಸ್ ಅವನ ಬೆನ್ನಿಗೇ ಬರಬೇಕು, ಅಧ್ಯಕ್ಷರು ಖುದ್ದು ಗೆರೆಯ ಬಳಿ ಇರಬೇಕು.

ಇದಕ್ಕೆ ಬೆಲೆ ತೆರಬೇಕಾಯಿತು. ಕ್ಲಬ್ಬಿನವರ ಕಾರುಗಳು ಅಂಗಡಿಗೆ ಬರುವುದು ನಿಂತಿತು. ಭಾನುವಾರ ಬೆಳಿಗ್ಗೆ ಎದುರಾದವರು ಮುಖ ತಿರುಗಿಸಿಕೊಂಡು ಹೋಗುತ್ತಿದ್ದರು. ಮೇಷ್ಟ್ರ ಭುಜ ಸರಿಯಾಗಲಿಲ್ಲ. ಕೈ ಎದೆಯ ಮಟ್ಟದಿಂದ ಮೇಲೆ ಏಳುವುದಿಲ್ಲ, ಹ್ಯಾಂಡಲ್ ಹಿಡಿದರೆ ನೋವು ಕುತ್ತಿಗೆಯವರೆಗೆ ಹೊಡೆಯುತ್ತದೆ. ಸೈಕಲ್ಲನ್ನು ಮಗಳು ಮಾರಲಿಲ್ಲ, ಅವರೇ ಮಾರಿದರು. ಆ ದಿನ ಅಕ್ಕ ಅಂಗಡಿಯಲ್ಲಿ ಯಾರ ಮೇಲೂ ರೇಗಲಿಲ್ಲ. ಒಂದು ಬಸ್ಸಿನ ಸೀಟಿನ ಹೊಲಿಗೆಯನ್ನು ಸೊಟ್ಟಗೆ ಹಾಕಿ, ಬಿಚ್ಚಿ, ಮತ್ತೆ ಸೊಟ್ಟಗೆ ಹಾಕಿದಳು. ದಂಡ, ಷರತ್ತು ಎಲ್ಲ ಆಯಿತಲ್ಲ, ಇನ್ನಾದರೂ ಸಮಾಧಾನ ಮಾಡಿಕೋ ಎಂದು ಗಂಡ ಹೇಳಿದಾಗ, ಷರತ್ತು ಹಾಕಿದರೆ ಅವರ ಕೈ ಏಳುತ್ತದೆಯೇನ್ರೀ ಎಂದು ಕೇಳಿದಳು.

ಮುಂದಿನ ವರ್ಷದ ರೇಸಿಗೆ ಅಕ್ಕ ಹೆಸರು ಕೊಟ್ಟಳು. ತೆಗೆದುಕೊಳ್ಳದಿರಲು ಅವರಿಗೆ ದಾರಿಯಿರಲಿಲ್ಲ. ಹೊರಡುವ ಗೆರೆಯಲ್ಲಿ ಅವಳ ಸುತ್ತ ಜಾಗ ಖಾಲಿಯಿತ್ತು, ಯಾರೂ ಪಕ್ಕಕ್ಕೆ ಬರಲಿಲ್ಲ. ಕೆರೆಯ ತನಕ ಒಬ್ಬಳೇ ತುಳಿದಳು. ತಿರುಗಿ ಬರುವಾಗ ನೀರಿನ ಮೇಜು ಇತ್ತು. ಶಂಕುಗಳು ಸಾಲಾಗಿ ನಿಂತಿದ್ದವು. ಗೋದಾಮಿನ ಸರ್ಕಲ್ಲಿನಲ್ಲಿ ಪೊಲೀಸಿನವನೊಬ್ಬ, ಅವನ ಪಕ್ಕ ತಮ್ಮ. ಕ್ಲಬ್ಬಿನ ಹಳದಿ ಕೋಟನ್ನು ಕಿತ್ತುಕೊಂಡಿದ್ದರಿಂದ ಅಂಗಡಿಯ ಅಂಟು ಮೆತ್ತಿದ ಅಂಗಿಯಲ್ಲೇ ಬಂದು ನಿಂತಿದ್ದ. ಅಡ್ಡರಸ್ತೆಯಲ್ಲಿ ಗಾಡಿಗಳು ಸಾಲುಗಟ್ಟಿ ಹಾರ್ನ್ ಹೊಡೆಯುತ್ತಿದ್ದವು. ಅವನು ಎರಡೂ ಕೈ ಚಾಚಿ ಅವಕ್ಕೆ ಬೆನ್ನು ಕೊಟ್ಟು ನಿಂತಿದ್ದ.

ಮೈದಾನದಲ್ಲಿ ಕಮಾನು ನಿಂತಿತ್ತು. ಜನ ಬಹುತೇಕ ಹೋಗಿದ್ದರು, ಹಾಡು ನಿಂತಿತ್ತು. ಬಿಸಿಲಿಗೆ ಕೆಂಪಾದ ಮುಖದಲ್ಲಿ ಕ್ಯಾಪ್ಟನ್ ಪದಕ ಹಿಡಿದು ಕಾಯುತ್ತಿದ್ದ. ಅಕ್ಕ ಗೆರೆ ದಾಟಿ ಇಳಿದಳು. ಅವನು ಅವಳ ಮುಖ ನೋಡದೆ ಪದಕ ಕೈಗಿಟ್ಟು, ಕಮಾನಿನ ಗಾಳಿ ತೆಗೆಯಲು ಕೆಲಸದವರಿಗೆ ಕೈ ಸನ್ನೆ ಮಾಡಿದ.

"ನನ್ನ ಹಿಂದೆ ಇನ್ನೊಬ್ಬರಿದಾರೆ," ಎಂದಳು ಅಕ್ಕ. "ನಿಂತ್ಕೊಳ್ಳಿ."

ಕೆರೆಯ ಬಳಿ ಅವಳು ದಾಟಿ ಬಂದಿದ್ದ ದಪ್ಪನೆಯ ಹೆಂಗಸು ಅದು. ಯಾವುದೋ ಆಸ್ಪತ್ರೆಯ ನರ್ಸು, ಮೊದಲ ಸಲ ಬಂದವಳು. ಏರಿನಲ್ಲಿ ಇಳಿದು ಸೈಕಲ್ ತಳ್ಳಿಕೊಂಡು ಬರುತ್ತಿದ್ದಳು. ಕೆಲಸದವರು ಹಗ್ಗ ಬಿಟ್ಟು ನೆರಳಿಗೆ ಹೋದರು. ಕ್ಯಾಪ್ಟನ್ ಗಡಿಯಾರ ನೋಡಿಕೊಂಡ, ಕನ್ನಡಕ ತೆಗೆದು ಬೆವರು ಒರೆಸಿಕೊಂಡ, ಮತ್ತೆ ಹಾಕಿಕೊಂಡ. ಅಕ್ಕ ಅವನ ಪಕ್ಕದಲ್ಲೇ ಸೈಕಲ್ ಹಿಡಿದು ರಸ್ತೆಯ ಕಡೆ ಮುಖ ಮಾಡಿ ನಿಂತಳು. ಕೊನೆಗೆ ದೂರದ ತಿರುವಿನಲ್ಲಿ ಆಂಬುಲೆನ್ಸಿನ ನೆತ್ತಿ ಕಾಣಿಸಿತು. ಅದರ ಮುಂದೆ ತೂರಾಡುತ್ತಾ ಬರುತ್ತಿದ್ದ ಒಂದು ಸೈಕಲ್ಲೂ.